ಕರುಳಿನ ಕ್ಯಾನ್ಸರ್‌ಗೆ ನ್ಯಾನೋ ಲಸಿಕೆ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯಲ್ಲಿ ಫಾರ್ಮಸಿ ಓದುವ ಹುಡುಗರಿಗೆ ಪಾಠ ಹೇಳುವವನು. ಕೆಲವು ವರ್ಷದ ಹಿಂದೆ ರಾಮದುರ್ಗ ಕಡೆಯ ನಮ್ಮ ಸೋದರಮಾವನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಯಿತು. ಅಂದಿನಿಂದ ನಮ್ಮ ಬಂಧುಬಳಗಕ್ಕೆಲ್ಲ ನಾನೇ ವಿಚಾರಣೆ ಕೌಂಟರ್. ‘ನ್ಯಾನೋ ಲಸಿಕೆ ಬಂತು, ಕ್ಯಾನ್ಸರ್ ಕಥೆ ಮುಗೀತು’ ಅಂತ ವಾಟ್ಸಾಪ್‌ನಲ್ಲಿ ಏನಾದರೂ ಬಂದರೆ ಸಾಕು, ಹತ್ತು ನಿಮಿಷದಲ್ಲಿ ನನ್ನ ಫೋನ್ ಶುರು. ಬಾಗಲಕೋಟೆಯಿಂದ, ಇಂಡಿಯಿಂದ, ಚಿಕ್ಕೋಡಿಯಿಂದ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ ಹೇಗೆ ತಯಾರಾಗುತ್ತದೆ, ಮೈಯೊಳಗೆ ಹೇಗೆ ಓಡಾಡುತ್ತದೆ ಅನ್ನುವುದಷ್ಟೇ ನನ್ನ ಕಸುಬು.

ಈ ಲಸಿಕೆ ಹಾಕಿಸಿಕೊಂಡರೆ ಕರುಳಿನ ಕ್ಯಾನ್ಸರ್ ಬರುವುದೇ ಇಲ್ವಾ?

ಹಾಗಲ್ಲ. ಗೊಂದಲ ಶುರುವಾಗುವುದೇ ಇಲ್ಲಿ. ಲಸಿಕೆ ಅಂದ ಕೂಡಲೇ ನಮಗೆ ಪೋಲಿಯೋ ಹನಿ ನೆನಪಾಗುತ್ತದೆ. ರೋಗ ಬರುವ ಮುಂಚೆ ಹಾಕಿಸಿಕೊಳ್ಳುವುದು ಅದು. ಕ್ಯಾನ್ಸರ್ ಬಾರದ ಹಾಗೆ ಕಾಯುವ ಲಸಿಕೆಗಳೂ ಇವೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ಎಚ್‌ಪಿವಿ ಲಸಿಕೆ, ಲಿವರ್ ಕ್ಯಾನ್ಸರ್‌ಗೆ ಹೆಪಟೈಟಿಸ್ ಬಿ ಲಸಿಕೆ. ಆ ಎರಡು ಕ್ಯಾನ್ಸರ್‌ಗಳ ಹಿಂದೆ ವೈರಸ್ ಇರುವುದರಿಂದ ಅದು ಸಾಧ್ಯವಾಯಿತು.

ಈ ಪುಟದಲ್ಲಿ ಹೇಳುತ್ತಿರುವುದು ರೋಗ ಬಂದ ಮೇಲೆ ಕೊಡುವ ಲಸಿಕೆ. ಹೆಚ್ಚಾಗಿ ಆಪರೇಷನ್ ಮಾಡಿ ಗಡ್ಡೆ ತೆಗೆದ ಮೇಲೆ. ಉಳಿದುಕೊಂಡ ಪುಡಿಗಾಸು ಕ್ಯಾನ್ಸರ್ ಕೋಶಗಳನ್ನು ನಮ್ಮ ಮೈಯೇ ಹುಡುಕಿ ಕೊಲ್ಲಲಿ, ರೋಗ ಮರುಕಳಿಸದಿರಲಿ ಎಂಬುದು ಇದರ ಗುರಿ. ಅಂದರೆ ಇದೊಂದು ಚಿಕಿತ್ಸೆ.

ಹಾಗಿದ್ದರೆ ಲಸಿಕೆ ಅಂತ ಯಾಕೆ ಕರೀತಾರೆ?

ಕೆಲಸ ಮಾಡುವ ರೀತಿ ಅದೇ ಇರುವುದರಿಂದ. ಕೀಮೋ ಔಷಧಿ ತಾನೇ ಹೋಗಿ ಕೋಶವನ್ನು ಕೊಲ್ಲುತ್ತದೆ. ಲಸಿಕೆ ಯಾರನ್ನೂ ಕೊಲ್ಲುವುದಿಲ್ಲ. ‘ಇಂಥ ಗುರುತು ಇರುವವನನ್ನು ಹಿಡಿ’ ಅಂತ ನಮ್ಮ ರೋಗನಿರೋಧಕ ಪಡೆಗೆ ಫೋಟೋ ತೋರಿಸುತ್ತದೆ ಅಷ್ಟೇ.

ಫೋಟೋ ಹುಡುಕುವುದೇ ದೊಡ್ಡ ಪಡಿಪಾಟಲು. ಕ್ಯಾನ್ಸರ್ ಕೋಶ ಹೊರಗಿನಿಂದ ಬಂದದ್ದಲ್ಲ, ನಮ್ಮ ಮನೆಯವನೇ ದಾರಿ ತಪ್ಪಿದ್ದು. ಮೈತುಂಬ ಅದರ ಅಣ್ಣತಮ್ಮಂದಿರೇ ಇದ್ದಾರೆ. ಆದರೆ ಅದು ಕೆಟ್ಟು ಬೆಳೆಯುವಾಗ ಅದರ ಡಿಎನ್‌ಎಯಲ್ಲಿ ತಪ್ಪುಗಳು ಸೇರಿಕೊಳ್ಳುತ್ತವೆ. ಆ ತಪ್ಪುಗಳಿಂದ ಕೆಲವು ಹೊಸ ಪ್ರೋಟೀನ್ ತುಣುಕುಗಳು ಹುಟ್ಟುತ್ತವೆ. ಒಳ್ಳೆಯ ಕೋಶಗಳಲ್ಲಿ ಅವು ಇರುವುದಿಲ್ಲ. ಅವನ್ನು ನಿಯೋಆಂಟಿಜೆನ್ ಅನ್ನುತ್ತಾರೆ. ಲಸಿಕೆಯಲ್ಲಿ ಹೋಗುವುದು ಇವುಗಳ ಫೋಟೋ.

ನಡುವೆ ಈ ನ್ಯಾನೋ ಕಣ ಯಾಕೆ ಬೇಕು? ಫೋಟೋವನ್ನೇ ಸೂಜಿಯಲ್ಲಿ ಚುಚ್ಚಿದರೆ ಆಗಲ್ವಾ?

ಚುಚ್ಚಿ ನೋಡಿದ್ದಾರೆ. ಎಷ್ಟೋ ವರ್ಷ ಹಾಗೇ ಮಾಡಿದರು. ಬಹಳ ಸಲ ಫಲ ಸಿಗಲಿಲ್ಲ. ನನ್ನ ಕಸುಬಿಗೆ ಹತ್ತಿರದ ವಿಷಯ ಇದು, ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ.

ಮೊದಲು ಅಳತೆ. ಒಂದು ಮಿಲಿಮೀಟರ್‌ನಲ್ಲಿ 10 ಲಕ್ಷ ನ್ಯಾನೋಮೀಟರ್. ಲಸಿಕೆಯ ಕಣ ಸಾಮಾನ್ಯವಾಗಿ 100 ನ್ಯಾನೋಮೀಟರ್ ಆಸುಪಾಸು. ಒಂದು ಜೋಳದ ಕಾಳಿನ ಅಗಲಕ್ಕೆ ಇಂಥ ಕಣಗಳನ್ನು ಸಾಲಾಗಿ ಇಟ್ಟರೆ ಸುಮಾರು 40,000 ಹಿಡಿಯುತ್ತವೆ.

ಈಗ ದಾರಿ. ಸೂಜಿ ಚುಚ್ಚುವುದು ತೋಳಿಗೋ ತೊಡೆಗೋ. ಪಾಠ ನಡೆಯುವುದು ಅಲ್ಲಲ್ಲ, ದುಗ್ಧಗ್ರಂಥಿಗಳಲ್ಲಿ. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಂಟು ಏಳುತ್ತದಲ್ಲ, ಅವೇ. ಅವನ್ನು ಊರಿನ ಚಾವಡಿ ಅಂದುಕೊಳ್ಳಿ. ಡೆಂಡ್ರಿಟಿಕ್ ಕೋಶಗಳೆಂಬ ಬಾತ್ಮಿದಾರರು ಸುದ್ದಿ ತಂದು ಚಾವಡಿಯಲ್ಲಿ ಟಿ ಕೋಶಗಳಿಗೆ ಮುಟ್ಟಿಸುತ್ತಾರೆ. ಟಿ ಕೋಶಗಳು ಹೊರಟು ಬೇಟೆಯಾಡುತ್ತವೆ. ಈ ಬಾತ್ಮಿದಾರ ಕೋಶವನ್ನು ಗುರುತಿಸಿದ ರಾಲ್ಫ್ ಸ್ಟೈನ್‌ಮನ್‌ಗೆ 2011ರಲ್ಲಿ ನೊಬೆಲ್ ಬಂತು.

ಬರೀ ಪ್ರೋಟೀನ್ ತುಣುಕನ್ನು ಚುಚ್ಚಿದರೆ ಅದು ತೀರಾ ಚಿಕ್ಕದು. ಚಾವಡಿ ಮುಟ್ಟುವ ಮೊದಲೇ ರಕ್ತಕ್ಕೆ ಜಾರಿ ಚೆಲ್ಲಾಪಿಲ್ಲಿಯಾಗುತ್ತದೆ. ದೊಡ್ಡ ಉಂಡೆ ಮಾಡಿದರೆ ಚುಚ್ಚಿದ ಜಾಗದಲ್ಲೇ ಸಿಕ್ಕಿಕೊಳ್ಳುತ್ತದೆ. 10ರಿಂದ 100 ನ್ಯಾನೋಮೀಟರ್ ಇದ್ದರೆ ಮಾತ್ರ ದುಗ್ಧನಾಳಕ್ಕೆ ನುಸುಳಿ ಚಾವಡಿಗೆ ಸಲೀಸಾಗಿ ಹೋಗುತ್ತದೆ. ನೋಡಿ, ಬರೀ ಗಾತ್ರದ ಮೇಲೆ ಎಷ್ಟೊಂದು ನಿಂತಿದೆ!

ಎಂಆರ್‌ಎನ್‌ಎ ಲಸಿಕೆಯಾದರೆ ಇನ್ನೊಂದು ತೊಂದರೆ. ಪ್ರೋಟೀನ್ ತಯಾರಿಸುವ ಚೀಟಿ ಅದು. ಬಹಳ ನಾಜೂಕು. ಮೈಯೊಳಗಿನ ಕಿಣ್ವಗಳು ಕ್ಷಣದಲ್ಲಿ ಹರಿದು ಹಾಕುತ್ತವೆ. ಅದಕ್ಕೆ ಕೊಬ್ಬಿನ ಪೊಟ್ಟಣ ಬೇಕು. ಪೊಟ್ಟಣಕ್ಕೆ ನಾಲ್ಕು ಬಗೆಯ ಕೊಬ್ಬು. ಒಂದು ಕೊಲೆಸ್ಟ್ರಾಲ್, ಹೌದು, ರಕ್ತಪರೀಕ್ಷೆಯಲ್ಲಿ ಜಾಸ್ತಿ ಬಂದರೆ ನಾವು ಹೆದರುತ್ತೇವಲ್ಲ, ಅದೇ. ಗೋಡೆ ಗಟ್ಟಿಯಾಗಲು ಇನ್ನೊಂದು. ಕಣಗಳು ಒಂದಕ್ಕೊಂದು ಅಂಟದ ಹಾಗೆ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಅನ್ನುವ ರಾಸಾಯನಿಕ ಹೊದ್ದ ಮತ್ತೊಂದು. ನಾಲ್ಕನೆಯದು ಅಸಲಿ ಕಿಲಾಡಿ. ಕೋಶ ಈ ಪೊಟ್ಟಣವನ್ನು ನುಂಗಿದ ಮೇಲೆ ಒಂದು ಚೀಲದಲ್ಲಿ ಕೂಡಿಹಾಕಿ ಹುಳಿ ಏರಿಸುತ್ತದೆ, ಅರಗಿಸಲಿಕ್ಕೆ. ಆ ಹುಳಿ ತಾಗಿದ್ದೇ ತಡ, ನಾಲ್ಕನೆಯ ಕೊಬ್ಬು ಧನ ವಿದ್ಯುದಂಶ ಪಡೆದು ಚೀಲದ ಗೋಡೆಯನ್ನೇ ಒಡೆಯುತ್ತದೆ. ಚೀಟಿ ಹೊರಗೆ ಜಿಗಿಯುತ್ತದೆ. ಹೀಗೆ ಪಾರಾಗುವುದು ನೂರಕ್ಕೆ ಕೆಲವೇ ಚೀಟಿಗಳು. ಆದರೂ ಅಷ್ಟು ಸಾಕಾಗುತ್ತದೆ. ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಇನ್ನೂ ಮೈ ಜುಮ್ ಅನ್ನುತ್ತದೆ.

ಇದು ನಿನ್ನೆ ಮೊನ್ನೆಯ ವಿದ್ಯೆ ಅಲ್ಲ. ಕೊಬ್ಬಿನ ಗುಳ್ಳೆಯೊಳಗೆ ಕೀಮೋ ಔಷಧಿ ತುಂಬಿದ ಡಾಕ್ಸಿಲ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ. ಈಗಿನ ಬಗೆಯ ಕೊಬ್ಬಿನ ನ್ಯಾನೋ ಕಣದಲ್ಲಿ ಆರ್‌ಎನ್‌ಎ ಸಾಗಿಸುವ ಮೊದಲ ಔಷಧಿ 2018ರಲ್ಲಿ ಬಂತು. ಕೋವಿಡ್ ಕಾಲಕ್ಕೆ ಅದೇ ಪೊಟ್ಟಣ ಕೋಟ್ಯಂತರ ತೋಳುಗಳಿಗೆ ಹೋಯಿತು. ಚೀಟಿಯನ್ನು ಮೈ ತಿರಸ್ಕರಿಸದ ಹಾಗೆ ಮಾಡಿದ ಕಾಟಲಿನ್ ಕಾರಿಕೋ ಮತ್ತು ಡ್ರೂ ವೈಸ್‌ಮನ್ ಅವರಿಗೆ 2023ರ ನೊಬೆಲ್.

ನ್ಯಾನೋ ಯೂರಿಯಾಕ್ಕೂ ಇದಕ್ಕೂ ಸಂಬಂಧ ಇದೆಯಾ?

ಮುಧೋಳದ ರೈತರೊಬ್ಬರು ನಿಜವಾಗಿಯೂ ಕೇಳಿದ ಪ್ರಶ್ನೆ. ನ್ಯಾನೋ ಅನ್ನುವುದು ಬರೀ ಅಳತೆಯ ಹೆಸರು. ಆ ಬಾಟಲಿ ಹೊಲಕ್ಕೆ, ಇದು ದವಾಖಾನೆಗೆ.

ಎಲ್ಲ ನ್ಯಾನೋ ಲಸಿಕೆಗಳೂ ಕೊಬ್ಬಿನವೇನಾ?

ಅಲ್ಲ. ಪಿಎಲ್‌ಜಿಎ ಅನ್ನುವ ಪಾಲಿಮರ್ ಇದೆ. ತಾನಾಗಿ ಕರಗುವ ಹೊಲಿಗೆ ದಾರ ಇರುತ್ತದಲ್ಲ, ಅದೇ ಜಾತಿ. ನಿಧಾನಕ್ಕೆ ಕರಗಿ ಒಳಗಿನ ಸರಕನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಚಿನ್ನದ ಕಣಗಳಿವೆ. ಒಳಗೆ ವೈರಸ್ ಸಾಮಾನೇ ಇಲ್ಲದ ವೈರಸ್ ಆಕಾರದ ಖಾಲಿ ಚಿಪ್ಪುಗಳಿವೆ.

ನನಗೆ ತುಂಬ ಹಿಡಿಸಿದ್ದು ಮಿಶಿಗನ್ ವಿಶ್ವವಿದ್ಯಾಲಯದವರ ನ್ಯಾನೋಡಿಸ್ಕ್. ನಮ್ಮ ರಕ್ತದಲ್ಲಿರುವ ಒಳ್ಳೆಯ ಕೊಲೆಸ್ಟ್ರಾಲ್, ಎಚ್‌ಡಿಎಲ್, ಅದರ ನಕಲು ಮಾಡಿ ಬಿಲ್ಲೆ ಆಕಾರದ ಕಣ ತಯಾರಿಸಿದರು. ಅದಕ್ಕೆ ಗಡ್ಡೆಯ ಗುರುತಿನ ತುಣುಕುಗಳನ್ನೂ, ಬಾತ್ಮಿದಾರ ಕೋಶವನ್ನು ಬಡಿದೆಬ್ಬಿಸುವ ಒಂದು ಉತ್ತೇಜಕವನ್ನೂ ಅಂಟಿಸಿದರು. ಎಂಸಿ-38 ಎಂಬ ಕರುಳಿನ ಕ್ಯಾನ್ಸರ್ ಇದ್ದ ಇಲಿಗಳಿಗೆ ಕೊಟ್ಟರು. ಜೊತೆಗೆ ಇಮ್ಯುನೋಥೆರಪಿ ಔಷಧಿಯನ್ನೂ (ಕ್ಯಾನ್ಸರ್ ನಮ್ಮ ಪಡೆಗೆ ಹಾಕಿದ ಬ್ರೇಕ್ ತೆಗೆಯುವ ಔಷಧಿ) ಕೊಟ್ಟಾಗ ಬಹುಪಾಲು ಇಲಿಗಳಲ್ಲಿ ಗಡ್ಡೆ ಮಾಯವಾಯಿತು. 2017ರಲ್ಲಿ ಪ್ರಕಟವಾದ ಕೆಲಸ ಇದು. ಆ ವರ್ಷ ಇಲಿಯ ಫೋಟೋ ಹಾಕಿ ‘ಕ್ಯಾನ್ಸರ್‌ಗೆ ಮದ್ದು ಸಿಕ್ಕಿತು’ ಅಂತ ಎಷ್ಟು ಸುದ್ದಿ ಓಡಾಡಿದವೋ! ಇಲಿಗೆ ಗಡ್ಡೆಯನ್ನು ಚುಚ್ಚಿ ಬೆಳೆಸಿರುತ್ತಾರೆ, ಅದಕ್ಕಿನ್ನೂ ವಾರದ ವಯಸ್ಸು. ಮನುಷ್ಯನ ಕರುಳಲ್ಲಿ ಸಣ್ಣ ದುರ್ಮಾಂಸ (ಪಾಲಿಪ್) ಕ್ಯಾನ್ಸರ್ ಆಗಲು ಸುಮಾರು ಹತ್ತು ವರ್ಷ ಹಿಡಿಯುತ್ತದೆ. ಅಷ್ಟು ವರ್ಷ ಅದು ನಮ್ಮ ಪಡೆಯ ಕಣ್ಣಿಗೆ ಮಣ್ಣೆರಚುವುದನ್ನು ಕಲಿತಿರುತ್ತದೆ.

ಮನುಷ್ಯರ ಮೇಲೆ ಪ್ರಯೋಗ ಆಗಿದೆಯಾ? ಏನಾಯಿತು?

ಆಗಿದೆ. ಸಿಹಿ ಸುದ್ದಿ, ಕಹಿ ಸುದ್ದಿ ಎರಡೂ ಇವೆ. ಕಹಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಜಠರ ಮತ್ತು ಕರುಳಿನ ಕ್ಯಾನ್ಸರ್ ಬಹಳ ಹರಡಿದ್ದ 4 ರೋಗಿಗಳಿಗೆ ನಿಯೋಆಂಟಿಜೆನ್ ಎಂಆರ್‌ಎನ್‌ಎ ಲಸಿಕೆ ಕೊಟ್ಟಿತು. ಫಲಿತಾಂಶ 2020ರಲ್ಲಿ ಬಂತು. ಟಿ ಕೋಶಗಳು ಎಚ್ಚೆತ್ತವು. ಗಡ್ಡೆ ಮಾತ್ರ ಯಾರಲ್ಲೂ ಕರಗಲಿಲ್ಲ. ಪಡೆ ಎದ್ದು ನಿಲ್ಲುವುದು ಬೇರೆ, ಯುದ್ಧ ಗೆಲ್ಲುವುದು ಬೇರೆ ಅಂತ ಆಗ ಚೆನ್ನಾಗಿ ಗೊತ್ತಾಯಿತು. ಆಮೇಲೆ ಗ್ರಿಟ್‌ಸ್ಟೋನ್ ಅನ್ನುವ ಕಂಪನಿ ಹರಡಿದ ಕರುಳಿನ ಕ್ಯಾನ್ಸರ್‌ಗೇ ಒಂದು ಜೋಡಿ ಲಸಿಕೆ ಮಾಡಿತು. ಮೊದಲ ಡೋಸ್ ವೈರಸ್ ವಾಹನದಲ್ಲಿ, ಮುಂದಿನವು ಕೊಬ್ಬಿನ ನ್ಯಾನೋ ಕಣದಲ್ಲಿ. 2024ರ ಏಪ್ರಿಲ್‌ನಲ್ಲಿ ಬಂದ ಲೆಕ್ಕದಲ್ಲಿ ಅದು ಇಟ್ಟುಕೊಂಡಿದ್ದ ಮುಖ್ಯ ಗುರಿ ಮುಟ್ಟಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಇನ್ನು ಸಿಹಿ. ಆಪರೇಷನ್ ಆದ ಮೇಲೆ, ಮೈಯಲ್ಲಿ ರೋಗ ಕನಿಷ್ಠ ಇರುವಾಗ ಲಸಿಕೆ ಕೊಟ್ಟರೆ ಆಟ ಬದಲಾಗಬಹುದು ಅನ್ನುವ ಸುಳಿವು ಬೇರೆ ಕ್ಯಾನ್ಸರ್‌ಗಳಲ್ಲಿ ಸಿಕ್ಕಿದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆಪರೇಷನ್ ಆದ 16 ಜನರಿಗೆ ಬಯೋಎನ್‌ಟೆಕ್ ಮತ್ತು ಜೆನೆನ್‌ಟೆಕ್‌ನ ಲಸಿಕೆ ಕೊಟ್ಟಾಗ 8 ಜನರಲ್ಲಿ ಟಿ ಕೋಶಗಳು ಚೆನ್ನಾಗಿ ಎದ್ದವು. ಆ 8 ಜನರಲ್ಲಿ ರೋಗ ಮರಳುವುದು ಎದ್ದು ಕಾಣುವಷ್ಟು ತಡವಾಯಿತು. ಇದು 2023ರ ವರದಿ. ಚರ್ಮದ ಕ್ಯಾನ್ಸರ್ ಮೆಲನೋಮಾದಲ್ಲಿ ಮೊಡೆರ್ನಾ ಮತ್ತು ಮರ್ಕ್ ಕಂಪನಿಗಳು 157 ರೋಗಿಗಳ ಪ್ರಯೋಗ ಮಾಡಿದವು. ಇಮ್ಯುನೋಥೆರಪಿ ಜೊತೆಗೆ ಲಸಿಕೆಯೂ ಸಿಕ್ಕವರಲ್ಲಿ ರೋಗ ಮರಳುವ ಅಥವಾ ಸಾಯುವ ಅಪಾಯ ಶೇ. 44ರಷ್ಟು ಕಡಿಮೆ ಇತ್ತು.

ಕರುಳಿನ ಕ್ಯಾನ್ಸರ್‌ಗೆ ಬಂದರೆ, ಆ ಬಯೋಎನ್‌ಟೆಕ್ ಲಸಿಕೆಯದೇ ಎರಡನೇ ಹಂತದ ಪ್ರಯೋಗ 2021ರಲ್ಲಿ ಶುರುವಾಯಿತು. ಆಪರೇಷನ್ ಆಗಿರಬೇಕು. ಎರಡನೇ ಹಂತದ ಹೆಚ್ಚು ಅಪಾಯದ ಅಥವಾ ಮೂರನೇ ಹಂತದ ರೋಗವಾಗಿರಬೇಕು. ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಚೂರುಗಳು ಇನ್ನೂ ಕಾಣುತ್ತಿರಬೇಕು. ಅಂಥವರಿಗೆ ಮಾತ್ರ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಬ್ಬ ಕರುಳಿನ ಕ್ಯಾನ್ಸರ್ ರೋಗಿಗೆ ಇದನ್ನು ಕೊಟ್ಟ ಸುದ್ದಿ 2024ರ ಮೇ ತಿಂಗಳಲ್ಲಿ ಜಗತ್ತೆಲ್ಲ ಸುತ್ತಿತು. ಬಹಳ ಜನ ಮರೆತದ್ದೇನೆಂದರೆ, ಅದೊಂದು ಪ್ರಯೋಗದ ಡೋಸ್.

ರಷ್ಯಾದವರು ಲಸಿಕೆ ಕಂಡುಹಿಡಿದು ಪುಕ್ಕಟೆ ಕೊಡ್ತಾರಂತಲ್ಲ?

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಆ ಗೋಳಗುಮ್ಮಟಕ್ಕೇ ಗೊತ್ತು. ಒಮ್ಮೆ ಹೇಳಿದರೆ ಏಳು ಸಲ ಮರುದನಿ ಬರುತ್ತದೆ.

2024ರ ಡಿಸೆಂಬರ್‌ನಲ್ಲಿ ರಷ್ಯಾ ಎಂಆರ್‌ಎನ್‌ಎ ಕ್ಯಾನ್ಸರ್ ಲಸಿಕೆಯನ್ನು ತನ್ನ ರೋಗಿಗಳಿಗೆ ಉಚಿತವಾಗಿ ಕೊಡುವುದಾಗಿ ಹೇಳಿತು. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅಧಿಕಾರಿಯೊಬ್ಬರು ಲಸಿಕೆ ಸಿದ್ಧವಿದೆ, ಮೊದಲ ಗುರಿ ಕರುಳಿನ ಕ್ಯಾನ್ಸರ್ ಅಂದರು. ಅವರು ಆಗ ಆಧಾರವಾಗಿ ಹೇಳಿದ್ದು ಪ್ರೀಕ್ಲಿನಿಕಲ್ ಪರೀಕ್ಷೆಗಳನ್ನು. ಪ್ರೀಕ್ಲಿನಿಕಲ್ ಅಂದರೆ ಪ್ರಯೋಗಾಲಯ ಮತ್ತು ಪ್ರಾಣಿಗಳ ಹಂತ. ನೂರಾರು ರೋಗಿಗಳನ್ನು ಎರಡು ಗುಂಪು ಮಾಡಿ, ವರ್ಷಗಟ್ಟಲೆ ನೋಡಿ, ಲೆಕ್ಕವನ್ನು ಎಲ್ಲರ ಮುಂದೆ ಇಡುವುದು ಇನ್ನೊಂದು ಮಾತು. ನಮ್ಮ ಟಿವಿಗಳು ‘ಶೇಕಡಾ ನೂರು ಯಶಸ್ಸು’ ಅಂತ ಅಡಿಬರಹ ಓಡಿಸಿದವು. ನನ್ನ ಚಿಕ್ಕಮ್ಮ ಪಾಸ್‌ಪೋರ್ಟ್ ಮಾಡಿಸಲು ಹೊರಟಿದ್ದರು!

ಚರ್ಮದ ಕ್ಯಾನ್ಸರ್‌ಗೆ ಚೆನ್ನಾಗಿ ಆಗಿದ್ದು ಕರುಳಿನದಕ್ಕೆ ಯಾಕೆ ಕಷ್ಟ?

ಕರುಳಿನ ಕ್ಯಾನ್ಸರ್‌ನಲ್ಲಿ ಎರಡು ಗುಂಪು ಇವೆ. ಒಂದರಲ್ಲಿ ಡಿಎನ್‌ಎಯ ತಪ್ಪು ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ಇದನ್ನು ಎಂಎಸ್‌ಐ-ಹೈ ಅನ್ನುತ್ತಾರೆ. ತಪ್ಪುಗಳು ರಾಶಿ ರಾಶಿ, ಆದ್ದರಿಂದ ಗುರುತುಗಳೂ ರಾಶಿ. ನಮ್ಮ ಪಡೆ ಸುಲಭವಾಗಿ ಪತ್ತೆ ಹಚ್ಚುತ್ತದೆ. ಇದಕ್ಕೆ ಲಸಿಕೆ ಬರುವವರೆಗೆ ಕಾಯುವ ಅಗತ್ಯವೇ ಇಲ್ಲ, ಇಮ್ಯುನೋಥೆರಪಿ ಈಗಾಗಲೇ ಇದೆ. ಪೆಂಬ್ರೊಲಿಜುಮ್ಯಾಬ್‌ಗೆ ಅಮೆರಿಕದಲ್ಲಿ ಇಂಥ ಗಡ್ಡೆಗಳಿಗೆ 2017ರಲ್ಲೇ ಒಪ್ಪಿಗೆ ಸಿಕ್ಕಿದೆ. 2022ರಲ್ಲಿ ನ್ಯೂಯಾರ್ಕ್‌ನಲ್ಲಿ ಇದೇ ಗುಂಪಿನ ಗುದನಾಳದ ಕ್ಯಾನ್ಸರ್ ಇದ್ದ 12 ಜನರಿಗೆ ಡೊಸ್ಟಾರ್ಲಿಮ್ಯಾಬ್ ಕೊಟ್ಟಾಗ ಹನ್ನೆರಡೂ ಜನರ ಗಡ್ಡೆ ಕಾಣದಾಯಿತು. ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ. ಅದು ಲಸಿಕೆಯ ಫಲ ಅಂತ ಕೆಲವರು ತಿಳಿದಿದ್ದಾರೆ. ಅಲ್ಲ, ಅದು ಬೇರೆ ಜಾತಿಯ ಔಷಧಿ.

ತೊಂದರೆ ಇರುವುದು ಎರಡನೇ ಗುಂಪಿನಲ್ಲಿ. ಎಂಎಸ್‌ಎಸ್, ಅಂದರೆ ತಪ್ಪು ತಿದ್ದುವ ವ್ಯವಸ್ಥೆ ಸರಿಯಿರುವ ಗುಂಪು. ಒಟ್ಟು ಕರುಳಿನ ಕ್ಯಾನ್ಸರ್‌ನಲ್ಲಿ ಸುಮಾರು ಶೇ. 85 ಇದೇ. ಗುರುತುಗಳು ಕಡಿಮೆ, ಗಡ್ಡೆಯೊಳಗೆ ಟಿ ಕೋಶಗಳೇ ಇಣುಕಿರುವುದಿಲ್ಲ. ತಣ್ಣನೆಯ ಗಡ್ಡೆ ಅನ್ನುತ್ತಾರೆ. ಒಲೆಯಲ್ಲಿ ಕೆಂಡವೇ ಇಲ್ಲದಿದ್ದರೆ ಎಷ್ಟು ಊದಿದರೇನು? ಇಮ್ಯುನೋಥೆರಪಿ ಊದುಕೊಳವೆ ಇದ್ದ ಹಾಗೆ. ಲಸಿಕೆಯಿಂದ ಮೊದಲು ಕೆಂಡ ಹಾಕೋಣ, ಆಮೇಲೆ ಊದೋಣ ಅಂತ ವಿಜ್ಞಾನಿಗಳ ಲೆಕ್ಕಾಚಾರ.

ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದರೆ ಇವತ್ತೇ ಕೇಳಬೇಕಾದ ಪ್ರಶ್ನೆ ಲಸಿಕೆಯದ್ದಲ್ಲ. ‘ಎಂಎಂಆರ್ ಅಥವಾ ಎಂಎಸ್‌ಐ ಟೆಸ್ಟ್ ಮಾಡಿಸಿದ್ದೀರಾ?’ ಇದನ್ನು ಕೇಳಿ. ಡಿಎನ್‌ಎಯ ತಪ್ಪು ತಿದ್ದುವ ಆ ವ್ಯವಸ್ಥೆ ಕೆಟ್ಟಿದೆಯೇ ಅಂತ ಬಯಾಪ್ಸಿ ಚೂರಿನಲ್ಲೇ ನೋಡುವ ಪರೀಕ್ಷೆ. ಚಿಕಿತ್ಸೆಯ ದಾರಿಯೇ ಬದಲಾಗಬಹುದು. ಮನೆತನದಲ್ಲಿ ಇಳಿದು ಬರುವ ಲಿಂಚ್ ಸಿಂಡ್ರೋಮ್ ಇದ್ದರೆ ಅದರ ಸುಳಿವೂ ಇಲ್ಲೇ ಸಿಗುತ್ತದೆ.

ಒಬ್ಬೊಬ್ಬರಿಗೂ ಬೇರೆ ಬೇರೆ ಲಸಿಕೆ ಮಾಡ್ತಾರಂತೆ. ನಿಜಾನಾ?

ನಿಜ. ನಿಮ್ಮ ಗಡ್ಡೆಯನ್ನು ಓದಿ, ನಿಮ್ಮ ರಕ್ತದ ಜೊತೆ ಹೋಲಿಸಿ, ಕಂಪ್ಯೂಟರಿನಿಂದ ಗುರುತುಗಳನ್ನು ಆರಿಸುತ್ತಾರೆ. ಬಯೋಎನ್‌ಟೆಕ್ ಲಸಿಕೆಯಲ್ಲಿ 20ರವರೆಗೆ, ಮೊಡೆರ್ನಾದ್ದರಲ್ಲಿ 34ರವರೆಗೆ. ಹೇಳಿ ಹೊಲಿಸಿದ ಕುಪ್ಪಸದ ಹಾಗೆ, ಇನ್ನೊಬ್ಬರಿಗೆ ಹೊಂದುವುದಿಲ್ಲ. ವಾರಗಟ್ಟಲೆ ಸಮಯ ಬೇಕು, ಖರ್ಚಂತೂ ಕೇಳಬೇಡಿ.

ಇದಕ್ಕೆ ಬದಲಾಗಿ ರೆಡಿಮೇಡ್ ಲಸಿಕೆ ಮಾಡುವವರೂ ಇದ್ದಾರೆ. ಕರುಳಿನ ಕ್ಯಾನ್ಸರ್‌ನಲ್ಲಿ ಸುಮಾರು ಶೇ. 40 ರೋಗಿಗಳಿಗೆ ಕೆಆರ್‌ಎಎಸ್ ಎಂಬ ಜೀನ್ ಕೆಟ್ಟಿರುತ್ತದೆ. ಎಲ್ಲರಲ್ಲೂ ಹೆಚ್ಚು ಕಡಿಮೆ ಅದೇ ಕೆಲವು ಜಾಗಗಳಲ್ಲಿ. ಅಂದರೆ ಒಂದೇ ಫೋಟೋ ಬಹಳ ಜನಕ್ಕೆ ನಡೆಯುತ್ತದೆ. ಇಎಲ್‌ಐ-002 ಅನ್ನುವುದು ಅಂಥ ಲಸಿಕೆ. ಇದಕ್ಕೆ ನ್ಯಾನೋ ಪೊಟ್ಟಣವೂ ಇಲ್ಲ. ಚುಚ್ಚಿದ ಮೇಲೆ ನಮ್ಮದೇ ಆಲ್ಬುಮಿನ್ ಪ್ರೋಟೀನಿನ ಬೆನ್ನೇರಿ ದುಗ್ಧಗ್ರಂಥಿಗೆ ಹೋಗುತ್ತದೆ. ಟಿಕೆಟ್ ತೆಗೆಸದೆ ಬಸ್ ಹತ್ತಿದ ಹಾಗೆ. ಮೊದಲ ಹಂತದ 25 ರೋಗಿಗಳಲ್ಲಿ 21 ಜನರಿಗೆ ಟಿ ಕೋಶಗಳು ಎದ್ದವು. ಆ 25 ಜನರಲ್ಲಿ ಕರುಳಿನ ಕ್ಯಾನ್ಸರ್‌ನವರು ಐದೇ ಜನ ಇದ್ದರು, ಉಳಿದವರದು ಮೇದೋಜೀರಕದ್ದು. ನನ್ನ ಅನಿಸಿಕೆ ಕೇಳಿದರೆ, ನಮ್ಮಂಥ ಜಿಲ್ಲೆಗಳಿಗೆ ಮೊದಲು ಬರುವುದು ಹೀಗೆ ರೆಡಿಮೇಡ್ ಆದದ್ದೇ.

ಬೆಳಗಾವಿ, ಹುಬ್ಬಳ್ಳಿ ಅಥವಾ ಮುಂಬೈನಲ್ಲಿ ದುಡ್ಡು ಕೊಟ್ಟರೆ ಸಿಗುತ್ತಾ?

ಇಲ್ಲ. ಯಾರಾದರೂ ಸಿಗುತ್ತದೆ ಅಂದರೆ ಆ ಕುರ್ಚಿಯಿಂದ ಎದ್ದು ಬನ್ನಿ.

ಪ್ರಯೋಗದಲ್ಲಿ ಸೇರಿಕೊಳ್ಳೋದು ಹೇಗೆ?

ಭಾರತದಲ್ಲಿ ಮನುಷ್ಯರ ಮೇಲೆ ನಡೆಯುವ ಔಷಧಿ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ಬರೆಸುವುದು 2009ರ ಜೂನ್‌ನಿಂದ ಕಡ್ಡಾಯ. ಯಾರು ಬೇಕಾದರೂ ಅದರ ಜಾಲತಾಣ ತೆರೆದು ನೋಡಬಹುದು. ಊರು, ದವಾಖಾನೆ, ಯಾರು ಸೇರಬಹುದು ಎಲ್ಲ ಅಲ್ಲಿರುತ್ತದೆ. ನಿಮ್ಮ ಆಂಕಾಲಜಿಸ್ಟ್‌ಗೇ (ಕ್ಯಾನ್ಸರ್ ಡಾಕ್ಟರ್‌ಗೆ) ಕೇಳುವುದು ಇನ್ನೂ ಒಳ್ಳೆಯದು.

ಮೂರು ಮಾತು ಗಟ್ಟಿ ಮಾಡಿಕೊಳ್ಳಿ. ಪ್ರಯೋಗದ ಔಷಧಿಗೆ ನಿಮ್ಮಿಂದ ಲಕ್ಷಗಟ್ಟಲೆ ದುಡ್ಡು ಕೇಳಿದರೆ ಅದು ಪ್ರಯೋಗವಲ್ಲ, ವ್ಯಾಪಾರ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು ಅಂತ 2019ರ ನಿಯಮಗಳಲ್ಲೇ ಇದೆ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಮರಾಠಿ ಓದುವವರು ಮರಾಠಿಯಲ್ಲಿ ಕೇಳಿ. ನಾಚಿಕೆ ಬೇಡ, ಸಹಿ ನಿಮ್ಮದು ಅಲ್ವಾ?

ಅಡ್ಡ ಪರಿಣಾಮ?

ಕೋವಿಡ್ ಲಸಿಕೆ ಹಾಕಿಸಿಕೊಂಡ ರಾತ್ರಿ ನೆನಪಿಸಿಕೊಳ್ಳಿ. ಜ್ವರ, ಚಳಿ, ಸುಸ್ತು, ತೋಳುನೋವು. ಪ್ರಯೋಗಗಳಲ್ಲಿ ಹೆಚ್ಚಾಗಿ ಕಂಡದ್ದು ಇದೇ. ಪೊಟ್ಟಣದಲ್ಲಿರುವ ಪೆಗ್‌ಗೆ ಅಪರೂಪಕ್ಕೆ ಜೋರು ಅಲರ್ಜಿ ಆಗುತ್ತದೆ. ಇಮ್ಯುನೋಥೆರಪಿ ಜೊತೆ ಕೊಟ್ಟರೆ ಆ ಔಷಧಿಯ ತೊಂದರೆಗಳು ಬೇರೆ. ಥೈರಾಯ್ಡ್, ಕರುಳು, ಲಿವರ್ ಮೇಲೆ ನಮ್ಮದೇ ಪಡೆ ಎರಗಬಹುದು.

ಕೀಮೋ ಸಾಕಾಗಿದೆ. ನಿಲ್ಲಿಸಿ, ಲಸಿಕೆ ಬರುವವರೆಗೆ ಆಯುರ್ವೇದ ಮಾಡಿಕೊಂಡು ಕಾಯಬಹುದಾ?

ದಯವಿಟ್ಟು ಬೇಡ. ಮಾವನೂ ನಾಲ್ಕನೇ ಕೀಮೋ ಆದಾಗ ಇದನ್ನೇ ಕೇಳಿದರು. ಬೆರಳ ತುದಿ ಜೋಮು ಹಿಡಿದು ರೊಟ್ಟಿ ಮುರಿಯಲೂ ಆಗುತ್ತಿರಲಿಲ್ಲ. ಆಕ್ಸಾಲಿಪ್ಲಾಟಿನ್ ಅನ್ನುವ ಔಷಧಿಯ ಗುಣ ಅದು. ತಣ್ಣೀರು ಮುಟ್ಟಿದರೆ ಕರೆಂಟ್ ಹೊಡೆದ ಹಾಗೆ. ಡಾಕ್ಟರ್‌ಗೆ ಹೇಳಿದ ಮೇಲೆ ಪ್ರಮಾಣ ಇಳಿಸಿದರು, ಕೋರ್ಸ್ ಮುಗಿಯಿತು. ತ್ರಾಸು ಆದರೆ ಬಾಯಿಬಿಟ್ಟು ಹೇಳಿ, ಬದಲಾಯಿಸಲು ದಾರಿಗಳಿವೆ.

ಇನ್ನೊಂದು ವಿಷಯ. ಕರುಳಿನ ಕ್ಯಾನ್ಸರ್‌ನ ಆ ಬಯೋಎನ್‌ಟೆಕ್ ಪ್ರಯೋಗದಲ್ಲೂ ರೋಗಿಗಳು ಆಪರೇಷನ್ ಮತ್ತು ಕೀಮೋ ಮುಗಿಸಿಕೊಂಡೇ ಲಸಿಕೆಗೆ ಬರುತ್ತಾರೆ. ಲಸಿಕೆ ಅವುಗಳ ಮೇಲೆ ಕೂರುವ ಕಳಸ. ಗುಡಿಯನ್ನೇ ಕಟ್ಟದೆ ಕಳಸ ಎಲ್ಲಿಡುತ್ತೀರಿ?

ಸಂಡಾಸಿನಲ್ಲಿ ರಕ್ತ ಬಂದರೆ ಕ್ಯಾನ್ಸರೇ? ನಮ್ಮಲ್ಲಿ ಎಲ್ಲರಿಗೂ ಮೂಲವ್ಯಾಧಿ ಇರುತ್ತದಲ್ಲ.

ಇದು ಲಸಿಕೆಯ ಪ್ರಶ್ನೆ ಅಲ್ಲ. ಆದರೆ ಇದರಷ್ಟು ಮುಖ್ಯವಾದದ್ದು ಈ ಪುಟದಲ್ಲಿ ಬೇರೆ ಇಲ್ಲ.

ಬಹಳ ಸಲ ಅದು ಮೂಲವ್ಯಾಧಿಯೇ. ಅದರಿಂದಲೇ ಮೋಸ ಆಗುತ್ತದೆ. ಮಾವನಿಗೆ ರಕ್ತ ಕಂಡಿದ್ದು ಒಂದು ಯುಗಾದಿಗೆ. ಊರಿನ ಹತ್ತಿರದ ಒಬ್ಬರು ಬೆರಳು ಕೂಡ ಹಾಕಿ ನೋಡದೆ ಮೂಲವ್ಯಾಧಿ ಅಂತ ಮುಲಾಮು ಕೊಟ್ಟರು. ಒಂದೂವರೆ ತಿಂಗಳಿಗೆ ಇನ್ನೊಂದು ಮುಲಾಮು. ನಡುವೆ ಒಬ್ಬ ನಾಟಿ ವೈದ್ಯರ ಪುಡಿ. ದಸರಾ ಹೊತ್ತಿಗೆ ಮಾವ ಬಿಳುಚಿಕೊಂಡಿದ್ದರು. ಹಿಮೋಗ್ಲೋಬಿನ್ 7. ‘ವಯಸ್ಸಾಯ್ತು’ ಅಂತ ಟಾನಿಕ್ ಬರೆದರು. ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿ ಆಗಿದ್ದು ಮರುವರ್ಷ ಸಂಕ್ರಾಂತಿ ಕಳೆದ ಮೇಲೆ. ಆಗ ಗಡ್ಡೆ ಮೂರನೇ ಹಂತ. ಹತ್ತಿರ ಹತ್ತಿರ ಹತ್ತು ತಿಂಗಳು ಹೋಯಿತು. ಮನೆಯಲ್ಲಿ ಔಷಧಿ ಪಾಠ ಹೇಳುವ ನಾನೇ ಇದ್ದೆ, ನಾನೂ ಕೇಳಲಿಲ್ಲ. ಸಂಡಾಸಿನ ಮಾತು ಯಾರು ಆಡುತ್ತಾರೆ?

40 ದಾಟಿದವರಿಗೆ ರಕ್ತ ಕಂಡರೆ, ಮಲವಿಸರ್ಜನೆಯ ಅಭ್ಯಾಸ ಮೂರು ನಾಲ್ಕು ವಾರದಿಂದ ಬದಲಾಗಿದ್ದರೆ, ಹೋಗಿ ಬಂದರೂ ಇನ್ನೂ ಇದೆ ಅನ್ನಿಸುತ್ತಿದ್ದರೆ, ಗಂಡಸರಿಗೆ ಕಾರಣವಿಲ್ಲದೆ ರಕ್ತ ಕಡಿಮೆಯಾಗಿದ್ದರೆ, ಮುಲಾಮಿಗೆ ಮೊದಲು ಪರೀಕ್ಷೆ. ಹಿಂದಿನ ದಿನ ಕರುಳು ಖಾಲಿ ಮಾಡುವ ದ್ರಾವಣ ಕುಡಿಯುವುದೇ ಕೊಲೊನೋಸ್ಕೋಪಿಯ ನಿಜವಾದ ಶಿಕ್ಷೆ. ಪರೀಕ್ಷೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಸಣ್ಣ ದುರ್ಮಾಂಸ ಸಿಕ್ಕರೆ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ, ಅದು ಮುಂದೆ ಕ್ಯಾನ್ಸರ್ ಆಗುವ ಮಾತೇ ಇಲ್ಲ. ಸರ್ಕಾರ ಊರೂರಲ್ಲಿ ಮಾಡುವ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕೊರಳು ಈ ಮೂರಕ್ಕೆ. ಕರುಳು ಅದರಲ್ಲಿ ಇಲ್ಲ. ಹಾಗಾಗಿ ನಾವೇ ಕೇಳಬೇಕು.

ಅಮೆರಿಕದ ಲೆಕ್ಕದಲ್ಲಿ, ಕರುಳಿನೊಳಗೇ ಇರುವಾಗ ಸಿಕ್ಕಿದರೆ 10ರಲ್ಲಿ 9 ಜನ ಐದು ವರ್ಷ ದಾಟುತ್ತಾರೆ. ದೂರ ಹರಡಿದ ಮೇಲೆ 10ರಲ್ಲಿ ಒಬ್ಬರೋ ಇಬ್ಬರೋ. ಯಾವ ನ್ಯಾನೋ ಲಸಿಕೆಯೂ ಇಷ್ಟು ದೊಡ್ಡ ಅಂತರವನ್ನು ಇನ್ನೂ ತೋರಿಸಿಲ್ಲ.

ಎಲ್ಲಿಗೆ ಹೋಗಬೇಕು?

ಬೆಳಗಾವಿಯಲ್ಲಿ ಬಿಮ್ಸ್ ಇದೆ, ಕೆಎಲ್‌ಇ ಆಸ್ಪತ್ರೆ ಇದೆ, 2025ರ ಜನವರಿಯಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ವಿಜಯಪುರದಲ್ಲಿ ಬಿಎಲ್‌ಡಿಇ, ಬಾಗಲಕೋಟೆಯಲ್ಲಿ ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ನಮ್ಮ ಕಡೆಯವರಿಗೆ ಹಳೆಯ ಪರಿಚಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಕಾರ್ಡ್ ಮೊದಲೇ ಮಾಡಿಸಿಟ್ಟುಕೊಳ್ಳಿ, ಅಡ್ಮಿಟ್ ಆದ ದಿನ ಓಡಾಡಬೇಡಿ.

ಲಸಿಕೆ ಬಂದರೂ ನಮ್ಮ ಬಿಸಿಲಿಗೆ ಉಳಿಯುತ್ತಾ?

ಒಳ್ಳೆಯ ಪ್ರಶ್ನೆ. ಮೊದಮೊದಲು ಬಂದ ಒಂದು ಕೋವಿಡ್ ಎಂಆರ್‌ಎನ್‌ಎ ಲಸಿಕೆಗೆ ಮೈನಸ್ 70 ಡಿಗ್ರಿ ಬೇಕಿತ್ತು. ಆದರೆ ನಮ್ಮ ಪಕ್ಕದ ಪುಣೆಯ ಜೆನ್ನೋವಾ ಮಾಡಿದ ಎಂಆರ್‌ಎನ್‌ಎ ಲಸಿಕೆ 2ರಿಂದ 8 ಡಿಗ್ರಿಯಲ್ಲಿ, ಅಂದರೆ ಸಾದಾ ಫ್ರಿಜ್‌ನಲ್ಲೇ ಇರುತ್ತದೆ. ಅದಕ್ಕೆ 2022ರ ಜೂನ್‌ನಲ್ಲಿ ತುರ್ತು ಬಳಕೆಗೆ ಒಪ್ಪಿಗೆ ಸಿಕ್ಕಿತು. ಅದು ಕೋವಿಡ್‌ನದು, ಕ್ಯಾನ್ಸರ್‌ನದಲ್ಲ. ಆದರೂ ಎಂಆರ್‌ಎನ್‌ಎ ತಯಾರಿಸುವ ವಿದ್ಯೆ ನಮ್ಮ ಬೆಳಗಾವಿಯಿಂದ ಒಂದು ರಾತ್ರಿ ಬಸ್ಸಿನ ದೂರಕ್ಕೆ ಬಂದಿದೆ ಅನ್ನುವುದು ಸಣ್ಣ ಮಾತಲ್ಲ.

ಜೋಳದ ರೊಟ್ಟಿ ತಿನ್ನುವವರಿಗೆ ಕರುಳಿನ ಕ್ಯಾನ್ಸರ್ ಬರಲ್ಲ ಅಂತಾರೆ?

ನಾರು ಇರುವ ಊಟ ಅಪಾಯ ಕಡಿಮೆ ಮಾಡುತ್ತದೆ, ನಿಜ. ‘ಬರಲ್ಲ’ ಅನ್ನುವುದು ಸುಳ್ಳು. ಮಾವ ಮೂರು ಹೊತ್ತೂ ರೊಟ್ಟಿ. ಜೊತೆಗೆ ದಿನಕ್ಕೆ ಒಂದು ಕಟ್ಟು ಬೀಡಿಯೂ ಇತ್ತು. ತಂಬಾಕು ಮತ್ತು ಸಾರಾಯಿ ಎರಡೂ ಈ ರೋಗದ ಅಪಾಯ ಏರಿಸುತ್ತವೆ. ತಂಬಾಕಿಗೆ ಹೆಸರಾದ ನಿಪ್ಪಾಣಿ ಇರುವ ಜಿಲ್ಲೆಯಲ್ಲಿ ಕೂತು ಇದನ್ನು ಬರೆಯುವಾಗ ಸ್ವಲ್ಪ ಮುಜುಗರವೇ ಆಗುತ್ತದೆ.

ಮುಂದೆ ಲಸಿಕೆ ಬಂದರೆ ಉಪಯೋಗಕ್ಕೆ ಬರಲಿ ಅಂತ ಈಗಲೇ ಏನಾದರೂ ಎತ್ತಿಡಬೇಕಾ?

ಹೌದು, ಇದನ್ನು ಬಹಳ ಜನ ಕೇಳುವುದೇ ಇಲ್ಲ. ತೆಗೆದ ಗಡ್ಡೆಯ ಚೂರನ್ನು ಮೇಣದ ಬಿಲ್ಲೆಯಲ್ಲಿ ಹುದುಗಿಸಿ ಪೆಥಾಲಜಿ ವಿಭಾಗದಲ್ಲಿ ಇಟ್ಟಿರುತ್ತಾರೆ. ಬ್ಲಾಕ್ ಅನ್ನುತ್ತಾರೆ. ಎಂಎಸ್‌ಐ, ಕೆಆರ್‌ಎಎಸ್ ಪರೀಕ್ಷೆಗೆ ಅದೇ ಬೇಕು. ಇನ್ನೊಂದು ಊರಿಗೆ ಹೋದರೆ ಮೊದಲು ಕೇಳುವುದೂ ಅದನ್ನೇ. ಬಯಾಪ್ಸಿ ವರದಿಯ ನಂಬರ್ ಬರೆದುಕೊಳ್ಳಿ. ಎಷ್ಟು ವರ್ಷ ಇಡುತ್ತೀರಿ ಅಂತ ಕೇಳಿ. ಬೇಕಾದಾಗ ಅರ್ಜಿ ಕೊಟ್ಟು, ಸಹಿ ಮಾಡಿ ತೆಗೆದುಕೊಳ್ಳಬಹುದು.

ಮಾವನ ಬ್ಲಾಕ್ ಈಗ ನಮ್ಮ ಮನೆಯಲ್ಲಿದೆ. ಗೋಕಾಕ ಕರದಂಟಿನ ಖಾಲಿ ಡಬ್ಬಿಯಲ್ಲಿ, ವರದಿಗಳ ಜೊತೆ, ನೆರಳಿನ ಕಪಾಟಿನಲ್ಲಿ. ಆ ಮೇಣ ಕರಗಲು 56 ಡಿಗ್ರಿಯಾದರೂ ಬೇಕು, ವಿಜಯಪುರದ ಮೇ ತಿಂಗಳಿಗೂ ಅಷ್ಟು ಶಕ್ತಿ ಇಲ್ಲ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ.